ಉತ್ತರ ಕೊಡದ ದೇವರು, ಇಬ್ಬರು ಮುದುಕಿಯರು

ಎಷ್ಟು ಕರೆದರೂ ದೇವರು ಓಗೊಡದೆ ಹೋದಾಗ ನಂಬಿದವರ ಗತಿಯೇನು? ಸಂತರೂ ಪಂಡಿತರೂ ಈ ಪ್ರಶ್ನೆಯನ್ನು ಬೇಕಾದಷ್ಟು ತಿಕ್ಕಿ ನೋಡಿದ್ದಾರೆ. ಪೆಗ್ಗಿ ಆಶ್‌ಕ್ರಾಫ್ಟ್ ಎಂಬ ಬ್ರಿಟಿಷ್ ನಟಿಗೆ ಅದು ಇಳಿವಯಸ್ಸಿನಲ್ಲಿ, ಒಂದರ ಬೆನ್ನಿಗೆ ಇನ್ನೊಂದರಂತೆ, ಎರಡು ಪಾತ್ರಗಳ ರೂಪದಲ್ಲಿ ಎದುರಾಯಿತು. 1984ರ ಆರಂಭದಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ 'ದಿ ಜ್ಯುವೆಲ್ ಇನ್ ದಿ ಕ್ರೌನ್' ಧಾರಾವಾಹಿ ಹದಿನಾಲ್ಕು ಕಂತುಗಳಲ್ಲಿ ಪ್ರಸಾರವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ' ತೆರೆಗೆ ಬಂತು. ಧಾರಾವಾಹಿಯಲ್ಲಿ ಬಾರ್ಬಿ ಬ್ಯಾಚಲರ್ ಎಂಬ ನಿವೃತ್ತ ಮಿಷನರಿ ಶಿಕ್ಷಕಿಯಾಗಿ, ಚಲನಚಿತ್ರದಲ್ಲಿ ಮಗನನ್ನು ನೋಡಲು ಹಡಗು ಹತ್ತಿ ಬಂದ ಮಿಸೆಸ್ ಮೂರ್ ಆಗಿ ಆಶ್‌ಕ್ರಾಫ್ಟ್ ನಟಿಸಿದರು. ಇಬ್ಬರೂ ಕ್ರೈಸ್ತ ಮುದುಕಿಯರು. ಇಬ್ಬರೂ ಭಾರತದ ನೆಲದ ಮೇಲೆ ತಮ್ಮ ದೇವರನ್ನು ಕಳೆದುಕೊಳ್ಳುವವರು. ಹೀಗಾಗಿ ಇಬ್ಬರದೂ ಒಂದೇ ಕಥೆ ಎಂದು ತೋರುವುದು ಸಹಜ. ಆದರೆ ಇಬ್ಬರಿಗೂ ಬಂದ ಕಷ್ಟ ಒಂದೇ ಅಲ್ಲ. ಒಬ್ಬಳು ಕೇಳಿದ್ದು ಮಾರ್ದನಿ, ಇನ್ನೊಬ್ಬಳು ಎದುರಿಸಿದ್ದು ಮೌನ. ನಂಬಿಕೆಗೆ ಮೌನಕ್ಕಿಂತ ಮಾರ್ದನಿಯೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ವಾದ.

ಆಶ್‌ಕ್ರಾಫ್ಟ್ ಹುಟ್ಟಿದ್ದು 1907ರ ಡಿಸೆಂಬರಿನಲ್ಲಿ, ಲಂಡನ್ನಿನ ದಕ್ಷಿಣದ ಕ್ರಾಯ್ಡನ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದರು. ತಾಯಿಗೆ ನಾಟಕದ ಗೀಳಿತ್ತು. ಮಗಳು ಅದನ್ನೇ ಬದುಕಾಗಿ ಮಾಡಿಕೊಂಡರು. 1930ರಲ್ಲಿ ಲಂಡನ್ನಿನ ರಂಗದ ಮೇಲೆ ಪಾಲ್ ರೋಬ್ಸನ್‌ನ ಒಥೆಲೊಗೆ ಡೆಸ್ಡಿಮೋನಾ ಆದಾಗ, ಕರಿಯ ನಟನ ತೋಳಿನಲ್ಲಿ ಬಿಳಿಯ ಹುಡುಗಿಯನ್ನು ಕಂಡು ಸಹಿಸಲಾರದವರು ಬೈಗುಳದ ಪತ್ರ ಬರೆದರು. ಐದು ವರ್ಷದ ನಂತರ ಗೀಲ್‌ಗುಡ್ ಮತ್ತು ಒಲಿವಿಯೆ ರೋಮಿಯೊ ಪಾತ್ರವನ್ನು ಅದಲುಬದಲು ಮಾಡಿಕೊಂಡು ಆಡಿದ ಪ್ರಸಿದ್ಧ ಪ್ರಯೋಗದಲ್ಲಿ ಜೂಲಿಯೆಟ್ ಇವರೇ. 1956ರಲ್ಲಿ ಡೇಮ್ ಪದವಿ ಬಂತು. 1961ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಶುರುವಾದಾಗಿನಿಂದಲೂ ಅದರ ಆಧಾರಸ್ತಂಭವಾಗಿದ್ದರು. ಸಿನಿಮಾ ಮಾತ್ರ ಅವರನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಕರೆಯುತ್ತಿತ್ತು. ಹಿಚ್‌ಕಾಕ್‌ನ 'ದಿ 39 ಸ್ಟೆಪ್ಸ್'ನಲ್ಲಿ ಬಡ ರೈತನ ಹೆಂಡತಿಯಾಗಿ ಕೆಲವೇ ನಿಮಿಷ, 1959ರ 'ದಿ ನನ್ಸ್ ಸ್ಟೋರಿ'ಯಲ್ಲಿ ಮದರ್ ಮಟಿಲ್ಡ್ ಆಗಿ ಇನ್ನು ಕೆಲವು ನಿಮಿಷ. ಹೀಗೆ ರಂಗಭೂಮಿಯ ರಾಣಿಯಾಗಿದ್ದವರನ್ನು ಮನೆಮನೆಯ ಪ್ರೇಕ್ಷಕರು ಗುರುತು ಹಿಡಿದದ್ದು ಎಪ್ಪತ್ತು ದಾಟಿದ ಮೇಲೆ. ಮಿಸೆಸ್ ಮೂರ್ ಪಾತ್ರಕ್ಕೆ ಕೇಳಿದಾಗ ತನಗೆ ಎಪ್ಪತ್ತೈದಾಯಿತೆಂದು ಅವರು ಹಿಂಜರಿದರಂತೆ. ನನಗೂ ಅಷ್ಟೇ ಎಂದು ಲೀನ್ ಬಾಯಿ ಮುಚ್ಚಿಸಿದರಂತೆ. 1985ರ ಮಾರ್ಚಿನಲ್ಲಿ ಆ ಪಾತ್ರಕ್ಕೆ ಪೋಷಕ ನಟಿಯ ಆಸ್ಕರ್ ಬಂದಾಗ ಅವರಿಗೆ 77 ವರ್ಷ. ಆ ವಿಭಾಗದಲ್ಲಿ ಅಷ್ಟು ವಯಸ್ಸಾದವರು ಯಾರೂ ಗೆದ್ದಿರಲಿಲ್ಲ. ಬಾರ್ಬಿಯ ಪಾತ್ರಕ್ಕೆ ಬಾಫ್ಟಾ ಸಿಕ್ಕಿತು. 1991ರ ಜೂನಿನಲ್ಲಿ ತೀರಿಕೊಂಡರು.

ಈಗ ಮಿಸೆಸ್ ಮೂರ್ ಕಡೆಗೆ ಬರೋಣ. ಇ. ಎಂ. ಫಾರ್ಸ್ಟರ್‌ನ ಕಾದಂಬರಿ ಬಂದದ್ದು 1924ರಲ್ಲಿ. ಅದರಲ್ಲೂ ಚಿತ್ರದಲ್ಲೂ ಈಕೆಯ ಮೊದಲ ದೊಡ್ಡ ದೃಶ್ಯ ಬೆಳದಿಂಗಳ ರಾತ್ರಿ ಮಸೀದಿಯೊಂದರಲ್ಲಿ ನಡೆಯುತ್ತದೆ. ಅಲ್ಲಿ ಒಬ್ಬನೇ ಕೂತಿದ್ದ ಡಾಕ್ಟರ್ ಅಜೀಜ್, ಬಿಳಿಯ ಹೆಂಗಸೊಬ್ಬಳು ಬೂಟು ಬಿಚ್ಚದೆ ಒಳಗೆ ಬಂದಿದ್ದಾಳೆಂದು ರೇಗುತ್ತಾನೆ. ಆಕೆ ಬಿಚ್ಚಿಯೇ ಬಂದಿದ್ದಾಳೆ. ನೋಡುವವರು ಯಾರೂ ಇಲ್ಲದಾಗಲೂ ಬಿಚ್ಚಿದಿರಾ ಎಂಬ ಅವನ ಬೆರಗಿಗೆ ಆಕೆ ಕೊಡುವ ಉತ್ತರ ಸರಳ: ದೇವರು ಇಲ್ಲಿದ್ದಾನಲ್ಲ. ಆಶ್‌ಕ್ರಾಫ್ಟ್ ಇದನ್ನು ಉಪದೇಶದಂತೆ ಹೇಳುವುದಿಲ್ಲ. ಒಲೆಯ ಮೇಲೆ ಹಾಲಿದೆ ಎಂದಷ್ಟೇ ಸಲೀಸಾಗಿ ಹೇಳುತ್ತಾರೆ. ಆ ಸಲೀಸುತನವೇ ಮುಂದಿನದಕ್ಕೆ ಪೀಠಿಕೆ. ಇದಾದ ಕೆಲವು ದಿನಕ್ಕೆ ಅಜೀಜ್ ಏರ್ಪಡಿಸಿದ ಪ್ರವಾಸದಲ್ಲಿ ಮರಬಾರ್ ಗುಹೆಗಳಿಗೆ ಹೋಗುತ್ತಾರೆ. ಕತ್ತಲೆ, ಹಿಂದಿನಿಂದ ನುಗ್ಗುವ ಜನ, ಉಸಿರುಗಟ್ಟುವ ಸೆಖೆ. ಇವೆಲ್ಲದರ ಮೇಲೆ ಆ ಮಾರ್ದನಿ. ಗುಹೆಯಲ್ಲಿ ಏನೇ ನುಡಿದರೂ ಗೋಡೆ ಅದನ್ನು ಒಂದೇ ಮಂಕು ಸದ್ದಾಗಿ ಮಾಡಿ ಹಿಂದಕ್ಕೆ ಕೊಡುತ್ತದೆ. ಪ್ರಾರ್ಥನೆಯೂ ಬೈಗುಳವೂ ಮೂಗು ಸೀಟಿದ್ದೂ ಅಲ್ಲಿ ಒಂದೇ. ತಡವರಿಸುತ್ತ ಹೊರಗೆ ಬಂದು ಕುರ್ಚಿಯಲ್ಲಿ ಕುಸಿದ ಮುದುಕಿಯ ಮುಖದಲ್ಲಿ ಆಶ್‌ಕ್ರಾಫ್ಟ್ ಭಯವನ್ನು ಬೇಗ ಇಳಿಸಿಬಿಡುತ್ತಾರೆ. ಉಳಿಯುವುದು ದಣಿವು. ಉಳಿದವರು ಹೋಗಿ ಬರಲಿ, ತನ್ನನ್ನು ಬಿಟ್ಟರೆ ಸಾಕು ಎಂಬ ದಣಿವು.

ಈ ಗುಹೆಗಳನ್ನು ತೋರಿಸಲು ಲೀನ್ ಬಂದದ್ದು ನಮ್ಮ ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ. ಫಾರ್ಸ್ಟರ್‌ಗೆ ಮಾದರಿಯಾದದ್ದು ಬಿಹಾರದ ಬರಾಬರ್ ಗುಹೆಗಳು. ಅವು ಲೀನ್ ಕಣ್ಣಿಗೆ ಸಪ್ಪೆ ಎನಿಸಿ, ಬೆಂಗಳೂರಿನ ಆಸುಪಾಸಿನ ಈ ಬಂಡೆಗಳಲ್ಲಿ ಗುಹೆಯ ಬಾಯಿಗಳನ್ನು ಕೊರೆಸಿ ಚಿತ್ರೀಕರಿಸಿದ. ಸಿನಿಮಾದವನಿಗೆ ಅದು ಸರಿ. ಆದರೆ ನಮ್ಮ ಪ್ರಶ್ನೆಗೆ ಬೇಕಾದ ಸಂಗತಿ ಇರುವುದು ಬರಾಬರ್‌ನಲ್ಲಿ. ಕನ್ನಡಿಯಂತೆ ನುಣುಪು ಮಾಡಿದ ಆ ಗ್ರಾನೈಟ್ ಗುಹೆಗಳಲ್ಲಿ ಕೆಲವನ್ನು ಅಶೋಕ ಆಜೀವಿಕರಿಗೆ ದಾನ ಕೊಟ್ಟನೆಂದು ಅಲ್ಲಿನ ಶಾಸನಗಳೇ ಹೇಳುತ್ತವೆ. ಮಕ್ಖಲಿ ಗೋಸಾಲನ ಈ ಪಂಥದ ಮತ ನಿಯತಿವಾದ. ಎಲ್ಲವೂ ಮೊದಲೇ ಗೊತ್ತಾಗಿದೆ. ಒಳ್ಳೆಯದು ಮಾಡಿದರೂ ಕೆಟ್ಟದ್ದು ಮಾಡಿದರೂ ಜೀವದ ದಾರಿ ಒಂದಿಷ್ಟೂ ಉದ್ದವಾಗುವುದಿಲ್ಲ, ಗಿಡ್ಡವಾಗುವುದಿಲ್ಲ. ಮಾರ್ದನಿ ಮಿಸೆಸ್ ಮೂರ್‌ಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಫಾರ್ಸ್ಟರ್ ಆಜೀವಿಕರ ಗೊಡವೆಗೇ ಹೋಗುವುದಿಲ್ಲ, ತನ್ನ ಗುಹೆಗಳಿಗೆ ಚರಿತ್ರೆಯೇ ಇಲ್ಲದಂತೆ ಬರೆಯುತ್ತಾನೆ. ಹಾಗಿದ್ದೂ ಹೋಲಿಕೆ ಬೆಚ್ಚಿಬೀಳಿಸುವಂಥದು. ಇದರ ಜೊತೆಗೇ ಇನ್ನೊಂದು ವಿಷಯ ನೆನಪಿಡಬೇಕು. ಪ್ರಯತ್ನದಿಂದ ಏನೂ ಆಗದು ಎನ್ನುತ್ತಿದ್ದ ಈ ಆಜೀವಿಕರು ಸೋಮಾರಿಗಳಾಗಿರಲಿಲ್ಲ, ಘೋರ ತಪಸ್ವಿಗಳಾಗಿದ್ದರು. ಅವರ ಪಂಥ ದಕ್ಷಿಣ ಭಾರತದಲ್ಲಿ ಹದಿನಾಲ್ಕನೇ ಶತಮಾನದವರೆಗೂ ಉಳಿದಿತ್ತು. ಏನೂ ಬದಲಾಗದು ಎಂಬ ಮತದಿಂದ ಏನೂ ಮಾಡಬೇಕಿಲ್ಲ ಎಂಬ ನಡತೆ ತಾನಾಗಿ ಹುಟ್ಟುವುದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಹಾಗಾದರೆ ಮಿಸೆಸ್ ಮೂರ್ ಕೈಚೆಲ್ಲಿದ್ದು ತರ್ಕದ ಬಲವಂತದಿಂದ ಅಲ್ಲ.

ಆಕೆ ಕೈಚೆಲ್ಲಿದ್ದೇನು ಸಣ್ಣ ವಿಷಯವೂ ಅಲ್ಲ. ಗುಹೆಯಲ್ಲಿ ಅಜೀಜ್ ತನ್ನ ಮೇಲೆ ಕೈ ಮಾಡಿದನೆಂದು ಅಡೆಲಾ ಕ್ವೆಸ್ಟೆಡ್ ಎಂಬ ಯುವತಿ ಆರೋಪ ಹೊರಿಸುತ್ತಾಳೆ. ಅಜೀಜ್ ಅಂಥವನಲ್ಲ ಎಂದು ಮಿಸೆಸ್ ಮೂರ್‌ಗೆ ಅನುಮಾನಕ್ಕೆ ಎಡೆಯಿಲ್ಲದಂತೆ ಗೊತ್ತು, ಅದನ್ನು ಬಾಯಿಬಿಟ್ಟೂ ಹೇಳುತ್ತಾಳೆ. ಆದರೆ ಸಾಕ್ಷಿ ಕಟ್ಟೆಗೆ ಹೋಗಲು ಒಲ್ಲೆ ಎನ್ನುತ್ತಾಳೆ. ವಿಚಾರಣೆಗೆ ಮೊದಲೇ ಹಡಗು ಹತ್ತುತ್ತಾಳೆ, ದಾರಿಯಲ್ಲೇ ಸತ್ತು ಸಮುದ್ರದ ಪಾಲಾಗುತ್ತಾಳೆ. ಮಗನಿಗೆ ಆಕೆಯನ್ನು ಸಾಗಹಾಕುವ ಆತುರವಿತ್ತು ನಿಜ. ಆದರೆ ಸಾಗಿಹೋಗಲು ಆಕೆಗೂ ಮನಸ್ಸಿತ್ತು. ಮಾರ್ದನಿಯ ಕೆಲಸ ನಮಗೆ ಕಾಣುವುದು ಇಲ್ಲಿ. ಅದು ದೇವರಿಲ್ಲ ಎಂದು ಹೇಳುವುದಿಲ್ಲ. ಅಪರಾಧಿಯೂ ನಿರಪರಾಧಿಯೂ ಒಂದೇ, ಮಸೀದಿಯ ಸ್ನೇಹವೂ ಬಿಳಿಯರ ಕ್ಲಬ್ಬಿನ ದ್ವೇಷವೂ ಒಂದೇ ಎನ್ನುತ್ತದೆ. ನಾಸ್ತಿಕನೊಬ್ಬ ಈ ಮಾತನ್ನು ಒಪ್ಪಬೇಕಾಗಿಲ್ಲ. ಫಾರ್ಸ್ಟರ್ ಸ್ವತಃ ದೇವರನ್ನು ನಂಬಿದವನಲ್ಲ, ಸ್ನೇಹಕ್ಕಿಂತ ಮೇಲಾದದ್ದಿಲ್ಲ ಎಂದು ನಂಬಿದವನು. ಮಿಸೆಸ್ ಮೂರ್ ಸೋತದ್ದು ಆಸ್ತಿಕತೆಯ ಪರೀಕ್ಷೆಯಲ್ಲಲ್ಲ, ಸ್ನೇಹದ ಪರೀಕ್ಷೆಯಲ್ಲಿ.

ಇಲ್ಲಿ ನಮ್ಮವರೊಬ್ಬರು ಎದ್ದು ನಿಂತು ಆಕ್ಷೇಪಿಸಬಹುದು, ಅದೂ ಗಟ್ಟಿ ಆಕ್ಷೇಪ. ಎಲ್ಲವೂ ಒಂದೇ ಎಂದು ಕಂಡದ್ದು ಅವನತಿ ಏಕಾಗಬೇಕು? ಅದೇ ಅಲ್ಲವೇ ಅದ್ವೈತ? ಮುದುಕಿ ನಿರ್ಗುಣದ ಬಾಗಿಲಿಗೆ ಬಂದು ನಿಂತಳು. ಅವಳ ಪುಟ್ಟ ಕ್ರೈಸ್ತ ದೇವರು ಆ ಬಾಗಿಲಲ್ಲಿ ಹಿಡಿಸಲಿಲ್ಲ. ಗುರುವೊಬ್ಬ ಪಕ್ಕದಲ್ಲಿದ್ದಿದ್ದರೆ ಅದೇ ಶೂನ್ಯ ಅವಳಿಗೆ ಪೂರ್ಣವಾಗಿ ಕಾಣುತ್ತಿತ್ತು. ತನ್ನ ದೇವರನ್ನು ಗುಹೇಶ್ವರನೆಂದೇ ಕರೆದ, ಬಯಲಿನ ಮಾತನ್ನೇ ಆಡಿದ ಅಲ್ಲಮಪ್ರಭುವನ್ನು ಓದಿದ ಕನ್ನಡಿಗನಿಗೆ ಈ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೆ ನಾಲಗೆಯ ತುದಿಯಲ್ಲಿರುವುದೆಲ್ಲ ಸರಿಯಾಗಿರಬೇಕಿಲ್ಲ. ಅಲ್ಲಮನ ಬಯಲು ಯಾರಿಗೂ ದಣಿವಿನಿಂದ ದಕ್ಕಿದ್ದಲ್ಲ. ಶೂನ್ಯಸಂಪಾದನೆಯಲ್ಲಿ ಅವನು ಅಕ್ಕನನ್ನೂ ಮುಕ್ತಾಯಕ್ಕನನ್ನೂ ಸಿದ್ಧರಾಮನನ್ನೂ ಒಬ್ಬೊಬ್ಬರನ್ನಾಗಿ ಎದುರು ಕೂರಿಸಿಕೊಂಡು, ಅವರವರ ನೋವಿಗೂ ಹಮ್ಮಿಗೂ ತಕ್ಕಂತೆ ಬೇರೆ ಬೇರೆ ಪ್ರಶ್ನೆ ಹಾಕುತ್ತಾನೆ. ಅಣ್ಣನನ್ನು ಕಳೆದುಕೊಂಡವಳಿಗೆ ಕೇಳುವುದೇ ಬೇರೆ, ಕೆರೆ ಕಟ್ಟಿಸುವವನನ್ನು ಕೆಣಕುವುದೇ ಬೇರೆ. ಎಲ್ಲರಿಗೂ ಒಂದೇ ಮಂಕು ಸದ್ದನ್ನು ಹಿಂತಿರುಗಿಸುವುದು ಗೋಡೆ, ಗುರುವಲ್ಲ. ಗೀತೆ ಹೇಳುವ ಸಮದರ್ಶನವೂ ಅಷ್ಟೇ. ಅದು ನಾಯಿಯಲ್ಲೂ ಬ್ರಾಹ್ಮಣನಲ್ಲೂ ಒಂದನ್ನೇ ಕಾಣು ಎನ್ನುತ್ತದೆ, ಇಬ್ಬರನ್ನೂ ಕಾಣದಿರು ಎನ್ನುವುದಿಲ್ಲ. ಮಿಸೆಸ್ ಮೂರ್‌ಗೆ ಅಜೀಜ್ ಕಾಣುವುದೇ ನಿಂತುಹೋಯಿತು. ಅದಕ್ಕೆ ಅದ್ವೈತದ ಹೊದಿಕೆ ಹೊದಿಸುವುದು ನಮ್ಮ ದರ್ಶನಕ್ಕೂ ಅನ್ಯಾಯ, ಫಾರ್ಸ್ಟರ್‌ನ ನಿಷ್ಠುರತೆಗೂ ಅನ್ಯಾಯ.

ಬಾರ್ಬಿಯ ಕಥೆ ಬೇರೆ. ಪಾಲ್ ಸ್ಕಾಟ್‌ನ ನಾಲ್ಕು ಕಾದಂಬರಿಗಳ ರಾಜ್ ಸರಣಿಯಲ್ಲಿ ಮೂರನೆಯದು 'ದಿ ಟವರ್ಸ್ ಆಫ್ ಸೈಲೆನ್ಸ್', 1971ರಲ್ಲಿ ಬಂದದ್ದು. ಹೆಸರು ಪಾರ್ಸಿಗಳ ದಖ್ಮಾದ್ದು, ಹೆಣವನ್ನು ಹದ್ದುಗಳಿಗೆ ಬಿಡುವ ಗೋಪುರದ್ದು. ಮಿಷನ್ ಶಾಲೆಗಳಲ್ಲಿ ಜೀವ ತೇಯ್ದು ನಿವೃತ್ತಳಾದ ಬಾರ್ಬಿ, ಪಾಂಕೋಟ್ ಎಂಬ ಗಿರಿಧಾಮದ ರೋಸ್ ಕಾಟೇಜಿನಲ್ಲಿ ಮೇಬಲ್ ಲೇಟನ್ ಎಂಬ ವಿಧವೆಗೆ ಜೊತೆಗಾತಿಯಾಗಿ ಸೇರಿಕೊಳ್ಳುತ್ತಾಳೆ. ಬಾರ್ಬಿ ವಾಚಾಳಿ. ಬಾಯಿಗೆ ಬಿಡುವಿಲ್ಲ. ಸೈನ್ಯಾಧಿಕಾರಿಗಳ ಹೆಂಡಿರಿಗೆ ಅವಳೆಂದರೆ ನಗೆಪಾಟಲು, ತಮ್ಮ ದರ್ಜೆಯವಳಲ್ಲ ಎಂಬ ತಾತ್ಸಾರ. ಆಶ್‌ಕ್ರಾಫ್ಟ್ ಆ ಮಾತಿನ ಹೊಳೆಯನ್ನು ಆಡಿರುವ ಕ್ರಮ ನೋಡಬೇಕು: ವಾಕ್ಯ ಮುಗಿಯುವ ಮೊದಲೇ ಕ್ಷಮೆ ಕೇಳುವ ಕಣ್ಣು, ಯಾರೂ ಕೇಳುತ್ತಿಲ್ಲ ಎಂದು ತಿಳಿದಿದ್ದೂ ಮುಂದುವರಿಯುವ ದನಿ. ಇಷ್ಟು ಮಾತಾಡುವವಳ ಪ್ರಾರ್ಥನೆ ಮೇಲಕ್ಕೆ ಹೋಗುತ್ತಿಲ್ಲ. ದೇವರು ಕೇಳಿಸಿಕೊಳ್ಳುತ್ತಿದ್ದಾನೆ ಎಂಬ ಹಳೆಯ ಅನಿಸಿಕೆ ಅವಳಲ್ಲಿ ಬತ್ತಿಹೋಗಿದೆ. 1942ರ ಗಲಭೆಯಲ್ಲಿ ಅವಳ ಹಿಂದಿನ ಸಹೋದ್ಯೋಗಿ ಎಡ್ವಿನಾ ಕ್ರೇನ್, ಜನರ ಗುಂಪು ಹೊಡೆದು ಕೊಂದ ಭಾರತೀಯ ಶಿಕ್ಷಕ ಚೌಧುರಿಯ ಕೈ ಹಿಡಿದು ಮಳೆಯಲ್ಲಿ ರಸ್ತೆಯ ಪಕ್ಕ ಕೂತಿದ್ದವಳು, ಆಮೇಲೆ ಮೈಗೆ ಬೆಂಕಿ ಹಚ್ಚಿಕೊಂಡು ಸಾಯುತ್ತಾಳೆ. ಈ ಸುದ್ದಿ ಬಾರ್ಬಿಯನ್ನು ಒಳಗಿನಿಂದ ಕೊರೆಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಆ ಮೌನ ಬಾರ್ಬಿಯ ಕಣ್ಣನ್ನು ಯಾವ ಕಡೆಗೆ ತಿರುಗಿಸಿತು ಎಂಬುದು. ಅವಳ ಬಳಿ ಒಂದು ಚಿತ್ರವಿದೆ. ವಿಕ್ಟೋರಿಯಾ ರಾಣಿ ಸಿಂಹಾಸನದಲ್ಲಿ ಕೂತು ರಾಜರುಗಳಿಂದ ಕಾಣಿಕೆ ಪಡೆಯುತ್ತಿರುವ ಈ ಚಿತ್ರವನ್ನು ತೋರಿಸಿ ಮಿಷನ್ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಇದನ್ನು ಪೊಲೀಸ್ ಅಧಿಕಾರಿಯಾಗಿದ್ದ ಮೆರಿಕ್‌ಗೆ ಕೊಡುವಾಗ ಬಾರ್ಬಿ ಹೇಳುವುದು ಚಿತ್ರದಲ್ಲಿ ಯಾರಿಲ್ಲ ಎಂಬುದನ್ನು: ಹೆಸರು ಗೊತ್ತಿಲ್ಲದ ಭಾರತೀಯ ಅದರಲ್ಲಿಲ್ಲ. ಇಡೀ ವೃತ್ತಿಜೀವನ ಆ ಚಿತ್ರದ ಕೆಳಗೆ ಕಳೆದವಳಿಗೆ ಇದು ಕಂಡದ್ದು ದೇವರು ಸುಮ್ಮನಾದ ಮೇಲೆ. ಮೇಬಲ್ ಸತ್ತಾಗಲೂ ಹಾಗೆಯೇ. ತನ್ನನ್ನು ರಾಣ್‌ಪುರದಲ್ಲಿ ಗಂಡನ ಪಕ್ಕ ಹೂಳಬೇಕೆಂಬುದು ಮೇಬಲ್‌ಳ ಆಸೆ ಎಂದು ಬಾರ್ಬಿ ಎಲ್ಲರ ಬಾಗಿಲಿಗೂ ಹೋಗಿ ಹೇಳುತ್ತಾಳೆ. ಸೊಸೆ ಮಿಲ್ಡ್ರೆಡ್ ಕಿವಿಗೊಡುವುದಿಲ್ಲ, ಪಾಂಕೋಟ್‌ನಲ್ಲೇ ಹೂಳಿಸುತ್ತಾಳೆ, ಬಾರ್ಬಿಯನ್ನು ಮನೆಯಿಂದಲೂ ಹೊರಗಟ್ಟುತ್ತಾಳೆ. ಅವಳ ಸಾಕ್ಷಿಗೆ ಕವಡೆಯ ಬೆಲೆ ಬರಲಿಲ್ಲ. ಆದರೆ ಅವಳು ಸಾಕ್ಷಿ ಹೇಳಿದಳು. ಮೌನ ಅವಳಿಂದ ಸಾಂತ್ವನವನ್ನು ಕಿತ್ತುಕೊಂಡಿತೇ ಹೊರತು ಸರಿ ತಪ್ಪುಗಳ ಗೆರೆಯನ್ನು ಅಳಿಸಲಿಲ್ಲ. ಮೌನಕ್ಕೂ ಮಾರ್ದನಿಗೂ ಇರುವ ಅಂತರ ಇದೇ. ಮಾರ್ದನಿಯಲ್ಲಿ ನಮ್ಮದೇ ದನಿ ವಿಕಾರವಾಗಿ ಮರಳಿ, ಅದನ್ನೇ ಜಗತ್ತಿನ ತೀರ್ಪು ಎಂದು ನಂಬಿಸುತ್ತದೆ. ಮೌನ ಏನನ್ನೂ ಮರಳಿಸುವುದಿಲ್ಲ. ಕೇಳುವವನು ಇದ್ದರೂ ಇಲ್ಲದಿದ್ದರೂ ಆಡಬೇಕಾದ ಮಾತು ಆಡುವವರ ಪಾಲಿಗೇ ಉಳಿಯುತ್ತದೆ.

ಬಾರ್ಬಿಯ ಕೊನೆ ಹುಚ್ಚಲ್ಲವೇ, ಅದನ್ನು ಹೊಗಳುವುದು ಹೇಗೆ ಎಂದು ಕೇಳಬಹುದು. ಬೆಟ್ಟದ ಇಳಿಜಾರಿನಲ್ಲಿ ಟಾಂಗಾ ಉರುಳಿದ ಮೇಲೆ ಅವಳು ರಾಣ್‌ಪುರದ ಆಸ್ಪತ್ರೆಯಲ್ಲಿ ಮಾತು ಬಿಟ್ಟು, ಕಿಟಕಿಯಾಚೆ ಗೋಪುರದ ಮೇಲಿನ ಹಕ್ಕಿಗಳನ್ನು ನೋಡುತ್ತ ದಿನ ಕಳೆಯುತ್ತಾಳೆ. ಸ್ಕಾಟ್ ಅವಳ ಸಾವನ್ನು 1945ರ ಆಗಸ್ಟ್ 6ಕ್ಕೆ, ಹಿರೋಶಿಮಾದ ದಿನಕ್ಕೆ, ತಂದು ನಿಲ್ಲಿಸುತ್ತಾನೆ. ಈ ಆಯ್ಕೆ ನನಗೆ ತುಸು ಅತಿಯಾಯಿತೆಂದೇ ಅನಿಸುತ್ತದೆ. ಒಬ್ಬ ಬಡ ಶಿಕ್ಷಕಿಯ ಸಾವಿಗೆ ಅಷ್ಟು ದೊಡ್ಡ ಬೆಂಕಿಯ ಹಿನ್ನೆಲೆ ಬೇಕಿರಲಿಲ್ಲ. ಆಕ್ಷೇಪಕ್ಕೆ ಉತ್ತರ ಕಾದಂಬರಿಯ ಹೊರಗೆ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ. ಮದರ್ ತೆರೇಸಾರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಕಲ್ಕತ್ತೆಯ ಕೆಲಸ ಆರಂಭವಾದಾಗಿನಿಂದ ಹೆಚ್ಚುಕಡಿಮೆ ಕೊನೆಯವರೆಗೂ ಆಕೆಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲವೆಂದು ಲೋಕಕ್ಕೆ ಗೊತ್ತಾಯಿತು. ಕ್ರಿಸ್ಟೋಫರ್ ಹಿಚನ್ಸ್‌ನಂಥ ಟೀಕಾಕಾರರು ಇದನ್ನು ಮುಚ್ಚಿಟ್ಟ ನಾಸ್ತಿಕತೆ ಎಂದು ಓದಿದರು. ಆಕೆಯ ಆಸ್ಪತ್ರೆಗಳ ವ್ಯವಸ್ಥೆಯ ಬಗ್ಗೆ, ಹಣದ ಬಗ್ಗೆ ಎದ್ದ ಪ್ರಶ್ನೆಗಳು ಬೇರೆ, ಅವು ನಿಲ್ಲುತ್ತವೆ. ಆದರೆ ಈ ಓದು ಸಡಿಲ. ಬರಿಯ ಅನುಭವವೇ ನಂಬಿಕೆ ಎಂದಿಟ್ಟುಕೊಂಡರೆ ಮಾತ್ರ ಅದು ನಿಲ್ಲುತ್ತದೆ. ಉತ್ತರ ಬಾರದ ಬಾಗಿಲಿನ ಮುಂದೆ ಅರ್ಧ ಶತಮಾನ ನಿಂತವರನ್ನು ನಂಬಿಕೆ ಇಲ್ಲದವರು ಎನ್ನುವುದಾದರೆ, ಆ ಹೆಸರಿಗೆ ಅರ್ಹರು ಬಹಳ ಮಂದಿ ಉಳಿಯಲಾರರು. ಶಿಲುಬೆಯ ಮೇಲೆ ನನ್ನನ್ನೇಕೆ ಕೈಬಿಟ್ಟೆ ಎಂದು ಕೂಗಿದವನೂ ಆ ಪಟ್ಟಿಯಿಂದ ಹೊರಗೇ.

ಇವರಿಬ್ಬರೂ ಕಲ್ಪನೆಯ ಜೀವಗಳು, ಆಡಿದವಳು ನಟಿ, ಇದರಿಂದ ಧರ್ಮದ ಬಗ್ಗೆ ಏನು ಸಾಬೀತಾದೀತು ಎಂಬ ಮಾತೂ ಇದೆ. ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಕಾದಂಬರಿಕಾರ ನಿರಾಶೆ ಎಂದೊಂದು ಪದ ಬರೆದು ಮುಂದಕ್ಕೆ ಹೋಗಬಹುದು, ನಟಿಗೆ ಆ ಸೌಕರ್ಯವಿಲ್ಲ. ದೇವರ ಗೈರುಹಾಜರಿಯನ್ನು ಅಭಿನಯಿಸಲು ಬರುವುದಿಲ್ಲ. ಅಭಿನಯಿಸಲು ಬರುವುದು ಕೈ, ಕತ್ತು, ಕಣ್ಣು, ಎದುರಿನವರ ಕಡೆಗೆ ತಿರುಗುವ ಅಥವಾ ತಿರುಗದ ಮೈ. ಮಿಸೆಸ್ ಮೂರ್ ಆಗಿ ಗುಹೆಯ ನಂತರ ಆಶ್‌ಕ್ರಾಫ್ಟ್ ಎದುರಿನವರ ಮುಖದಿಂದ ಕಣ್ಣು ಜಾರಿಸುತ್ತಾರೆ, ಯಾರೋ ಮಾತಾಡುತ್ತಿದ್ದರೆ ಅದು ಮುಗಿಯಲಿ ಎಂದು ಕಾಯುತ್ತಾರೆ. ಬಾರ್ಬಿಯಾಗಿ, ಮಾತು ಬಿಟ್ಟ ಮೇಲೂ, ಬಂದವರ ಮುಖವನ್ನು ಹುಡುಕುತ್ತಾರೆ. ಒಂದೇ ವಯಸ್ಸಿನ ಒಂದೇ ದೇಹ ಎರಡು ವಿರುದ್ಧ ದಿಕ್ಕಿಗೆ ತಿರುಗಿದೆ. ಎರಡನ್ನೂ ನಂಬಿಕೆ ಕಳೆದುಕೊಂಡವಳು ಎಂಬ ಒಂದೇ ಚೀಟಿಯ ಕೆಳಗೆ ಇಟ್ಟರೆ ಅವರು ಕಂಡುಕೊಂಡದ್ದನ್ನು ನಾವು ಬಿಟ್ಟುಕೊಟ್ಟಂತೆ.

ಕೊನೆಗೊಂದು ಆಕ್ಷೇಪ ಉಳಿದಿದೆ, ಎಲ್ಲಕ್ಕಿಂತ ಬಲವಾದದ್ದು. ಮಿಸೆಸ್ ಮೂರ್‌ಳನ್ನು ಫಾರ್ಸ್ಟರ್ ಕೈಬಿಡಲಿಲ್ಲವಲ್ಲ! ಅವಳು ಸತ್ತ ಸುದ್ದಿ ಬರುವ ಮೊದಲೇ ನ್ಯಾಯಾಲಯದ ಹೊರಗಿನ ಜನಜಂಗುಳಿ ಅವಳ ಹೆಸರನ್ನು ಮಂತ್ರದಂತೆ ಕೂಗುತ್ತದೆ. ಅವಳ ಹೆಸರಿನಲ್ಲಿ ಊರಿನಲ್ಲಿ ಗೋರಿಗಳೂ ಹರಕೆಗಳೂ ಹುಟ್ಟಿಕೊಳ್ಳುತ್ತವೆ. ಗೋಕುಲಾಷ್ಟಮಿಯ ಸಡಗರದಲ್ಲಿ ಕುಣಿಯುತ್ತಿರುವ ಗೋಡ್‌ಬೋಲೆ ಎಂಬ ಪ್ರೊಫೆಸರ್‌ಗೆ ಅವಳು ನೆನಪಾಗುತ್ತಾಳೆ. ನಂಬಿಕೆ ಕಳೆದುಕೊಂಡವಳು ದೇವತೆಯಾದಳು. ಹಾಗಾದರೆ ಅವಳ ಗುಹೆಯ ನಿರಾಶೆಗೆ ಏನು ಲೆಕ್ಕ? ನನಗೆ ತೋರುವಂತೆ, ಜನ ಪೂಜಿಸಿದ್ದು ಮಸೀದಿಯಲ್ಲಿ ಬೂಟು ಬಿಚ್ಚಿದವಳನ್ನು, ಹಡಗು ಹತ್ತಿದವಳನ್ನಲ್ಲ. ಮಾಡಿದ ಒಳಿತು ಮಾಡಿದವರ ನಂಬಿಕೆಗಿಂತ ಹೆಚ್ಚು ಕಾಲ ಬಾಳಿತು ಎಂಬುದಷ್ಟೇ ಇದರಿಂದ ತಿಳಿಯುವುದು. ಹಡಗಿನ ಹೆಂಗಸಿನ ಹೆಸರು ಕೂಗಿದ್ದರಿಂದ ಅಜೀಜ್ ಬಿಡುಗಡೆಯಾಗಲಿಲ್ಲ. ಅವನನ್ನು ಬಿಡಿಸಿದ್ದು ಅಡೆಲಾ. ಅದೇ ಗುಹೆಗಳಿಂದ ಅವಳ ಕಿವಿಗೂ ಒಂದು ಮಾರ್ದನಿ ಅಂಟಿಕೊಂಡಿತ್ತು, ವಾರಗಟ್ಟಲೆ ಬಿಡದೆ ಮೊರೆಯುತ್ತಿತ್ತು. ದೇವರ ಮಾತನ್ನು ಅಷ್ಟಾಗಿ ಆಡದ, ಯಾವ ದಿವ್ಯಾನುಭವವೂ ಇಲ್ಲದ, ಸಪ್ಪೆ ಮುಖದ ಹುಡುಗಿ ಅವಳು. ತನ್ನವರೆಲ್ಲ ಎದುರಾಗುತ್ತಾರೆಂದು ಗೊತ್ತಿದ್ದೂ ಸಾಕ್ಷಿ ಕಟ್ಟೆಯಲ್ಲಿ ನಿಂತು, ನಾನು ಹೇಳಿದ್ದು ತಪ್ಪು, ಅಜೀಜ್ ನನ್ನ ಹಿಂದೆ ಗುಹೆಗೆ ಬರಲಿಲ್ಲ ಎಂದಳು. ಆಮೇಲೆ ಅವಳ ಕಿವಿಯ ಮಾರ್ದನಿ ನಿಂತಿತೆಂದು ಫಾರ್ಸ್ಟರ್ ಬರೆಯುತ್ತಾನೆ.